ಕಣ್ಣು ಬಿಟ್ಟ ಒಂದು ಫೋಟೋ

ಹೊಸ ಯಂತ್ರ ಕೈಗೆ ಬಂದ ಎರಡೇ ದಿನಕ್ಕೆ ಅದರ ಮರ್ಮವೆಲ್ಲ ತಿಳಿಯಿತೆಂದು ನಂಬಿಬಿಡುವ ಗಂಡಸರಲ್ಲಿ ನಾನೂ ಒಬ್ಬ. ಹೆಂಡತಿಯ ತಮ್ಮ ಸೊಲ್ಲಾಪುರದಿಂದ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟಾಗ ಹಾಗೇ ಆಯಿತು. ರೀಲು ಬೇಡ, ತೊಳೆಸುವ ಕೆಲಸವಿಲ್ಲ, ಒತ್ತಿದಷ್ಟೂ ಫೋಟೋ. ಮೋರಟಗಿಯ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳನ್ನು ಗಪ್ ಕೂರಿಸಿ ನಿವೃತ್ತನಾದವನಿಗೆ, ಜನರನ್ನು ಸಾಲಾಗಿ ನಿಲ್ಲಿಸಿ ಗದರುವ ಅಧಿಕಾರ ಮತ್ತೆ ಸಿಕ್ಕಂತಾಯಿತು.

ನಮ್ಮಾಕೆ ಮಾತ್ರ ಆ ಅಧಿಕಾರವನ್ನು ಒಪ್ಪಲಿಲ್ಲ. ಬಾಗಿಲಲ್ಲಿ ನಿಂತೇ ನನ್ನ ಅಂಗಿಯ ಗುಂಡಿ ಹೋದದ್ದನ್ನು ಕಂಡುಹಿಡಿಯುತ್ತಿದ್ದವಳು, ಕ್ಯಾಮೆರಾದ ಬೆಳಕು ಫಳ್ ಎನ್ನುವ ಮೊದಲೇ ಕಣ್ಣು ಮುಚ್ಚಿಬಿಡುತ್ತಿದ್ದಳು. "ಒಂದು ಚಣ ಕಣ್ಣ ತೆರದಿಡಾಕ ಏನ ಧಾಡಿ ನಿನಗ?" ಎಂದರೆ, "ಸಿಡ್ಲ ಹೊಡಿಯೂ ಮುಂದ ಯಾರರ ಕಣ್ಣ ಬಿಡ್ತಾರೇನ್ರಿ?" ಎಂದು ನನ್ನನ್ನೇ ಕೇಳುತ್ತಿದ್ದಳು.

ಕಳೆದ ವರ್ಷ ಶ್ರಾವಣದಲ್ಲಿ ಅವಳು ತೀರಿಕೊಂಡಳು. ವರ್ಷದ ಪೂಜೆ ಹತ್ತಿರ ಬಂತು, ಗೋಡೆಗೊಂದು ಫೋಟೋ ಬೇಕಾಯಿತು. ಕ್ಯಾಮೆರಾ ಹಿಡಿದು ಸಿಂದಗಿ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟಿರುವ ಸಿದ್ರಾಮಪ್ಪನಲ್ಲಿಗೆ ಹೋದೆ. ನನಗಿಂತ ನಾಲ್ಕು ವರ್ಷ ಚಿಕ್ಕವನು, ಹಳೆಯ ಪರಿಚಯ. ಅವನು ವೈರು ಚುಚ್ಚಿ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ. ಎಮ್ಮೆ ಕಣ್ಣು ಬಿಟ್ಟಿತ್ತು. ನೆರೆಮನೆಯ ಕೂಸು ಕಣ್ಣು ಬಿಟ್ಟಿತ್ತು. ಅವಳೊಬ್ಬಳು ಬಿಟ್ಟಿರಲಿಲ್ಲ.

"ಮಾಸ್ತರ, ಅಕ್ಕಾರು ಎಲ್ಲಾದ್ರಾಗೂ ಧ್ಯಾನಕ್ಕ ಕುಂತಾರಲ್ರಿ" ಎಂದವನು ನನ್ನ ಮುಖ ನೋಡಿ ಬೇಗಬೇಗ ಫೋಟೋಗಳನ್ನು ಸರಿಸತೊಡಗಿದ. ಆಮೇಲೆ ಒಂದು ಫೋಟೋದ ಮೇಲೆ ಬೆರಳಿಟ್ಟ. "ಬಾಜೂಕ ಇರೂವರು ತಂಗಿ ಏನ್ರಿ? ಮಾರಿ ಥೇಟ್ ಹಂಗ ಐತಿ. ಇವರ ಕಣ್ಣ ತಗದು ಅಕ್ಕಾರಿಗೆ ಕೂಡಸ್ತೇನಿ, ಯಾರಿಗೂ ಗೊತ್ತಾಗಂಗಿಲ್ರಿ."

ಅದು ಯಂಕಂಚಿಯಲ್ಲಿರುವ ನನ್ನ ನಾದಿನಿ. ಒಂದು ಚಹಾ ಮುಗಿಯುವುದರೊಳಗೆ ಕಣ್ಣು ಕೂಡಿಸಿಬಿಟ್ಟ. ಕೆಲಸವೇನೋ ಅಚ್ಚುಕಟ್ಟಾಗಿತ್ತು. ಆದರೆ ಆ ಕಣ್ಣುಗಳು "ಹೆಂಗದೀರಿ ಮಾವಾರ?" ಎನ್ನುವ ಹಾಗೆ ನನ್ನನ್ನು ಬಹಳ ಮರ್ಯಾದೆಯಿಂದ ನೋಡಿದವು. ಮೂವತ್ತು ವರ್ಷದಲ್ಲಿ ನಮ್ಮಾಕೆ ನನ್ನನ್ನು ಅಷ್ಟು ಮರ್ಯಾದೆಯಿಂದ ಒಮ್ಮೆಯೂ ನೋಡಿದವಳಲ್ಲ.

"ಬ್ಯಾಡೋ, ತಗದಬಿಡು" ಎಂದೆ.

"ತಡೀರಿ, ಇಲ್ಲೊಂದು ವಿಡಿಯೋ ಐತಲ್ರಿ."

"ನಾ ವಿಡಿಯೋ ತಗದೇ ಇಲ್ಲ" ಎಂದು ಪ್ರಮಾಣ ಮಾಡುವಷ್ಟರಲ್ಲಿ ಅದು ಓಡತೊಡಗಿತು. ನಮ್ಮ ಹಿತ್ತಲು. ಜೋಳ ಹಸನು ಮಾಡುವ ಮೊರ ಹಿಡಿದು ಅವಳು ಕಂಬದಂತೆ ನಿಂತಿದ್ದಾಳೆ, ಸಿಡಿಲಿಗೆ ಸಿದ್ಧಳಾಗಿ ಕಣ್ಣು ಮುಚ್ಚಿಕೊಂಡು. ಸಿಡಿಲು ಬರುತ್ತಿಲ್ಲ. ಯಂತ್ರ ತಿಳಿದ ನಾನು ಕ್ಯಾಮೆರಾದ ತಿರುಗಣೆಯನ್ನು ಫೋಟೋ ಬಿಟ್ಟು ವಿಡಿಯೋ ಕಡೆ ತಿರುಗಿಸಿದ್ದೆ. ಅವಳು ಕಾಯುತ್ತಾಳೆ. ಒಂದು ಕಣ್ಣು ತೆರೆಯುತ್ತದೆ, ಆಮೇಲೆ ಇನ್ನೊಂದು. ನೇರ ನನ್ನನ್ನೇ ನೋಡುತ್ತಾಳೆ. "ಆತೇನ್ರಿ? ಒಲಿ ಮ್ಯಾಲ ಹಾಲ ಐತಿ. ಅಲ್ರೀ, ನಿಮಗ ಅದೇನ..." ಆ ಮಾತಿನ ಮೇಲೆಯೇ ಕ್ಯಾಮೆರಾದ ಹಿಂದಿನಿಂದ ಗಡಸು ದನಿ: "ಗಪ್ ನಿಂದ್ರ! ಮಾತಾಡಬ್ಯಾಡ!" ನಾನು ಸಿಟ್ಟಿನಿಂದ ಮತ್ತೊಮ್ಮೆ ಗುಂಡಿ ಒತ್ತಿದ್ದಕ್ಕೆ ಎಲ್ಲವೂ ಅಲ್ಲಿಗೇ ತುಂಡಾಗಿದೆ.

ಸಿದ್ರಾಮಪ್ಪ ಆ ಕಣ್ಣುಗಳ ಹತ್ತಿರ ಚಿತ್ರ ನಿಲ್ಲಿಸಿದ. "ಬಾಯಿ ತಗದಾರ್ರಿ. ಮುಚ್ಚಸ್ಲೇನು? ಕಂಪ್ಯೂಟರ್‌ನ್ಯಾಗ ಬರ್ತೈತಿ."

"ಮೂವತ್ತ ವರ್ಷ ನನ್ನ ಕೈಲೆ ಆಗಲಿಲ್ಲ. ನೀ ಬ್ಯಾರೆ ಯಾಕ ಪ್ರಯತ್ನ ಮಾಡ್ತಿ?"

ದೊಡ್ಡದು ಮಾಡಿದ್ದಕ್ಕೆ ಸ್ವಲ್ಪ ಮಸುಕಾದರೂ ಅದೇ ಫೋಟೋ ಈಗ ಗೋಡೆಯ ಮೇಲಿದೆ. ಪೂಜೆಗೆ ಬಂದ ನಾದಿನಿ, "ಅಕ್ಕ ಬೈಯಾಕತ್ತಂಗ ಐತಲ್ರಿ ಮಾವಾರ" ಎಂದು ನಕ್ಕಳು, ಸೆರಗಿನಿಂದ ಮುಖ ಒರೆಸಿಕೊಂಡಳು.

ವಿಡಿಯೋವನ್ನು ಸಿ.ಡಿ.ಗೆ ಹಾಕಿಸುವಾಗ, ನನ್ನ ದನಿಯನ್ನಷ್ಟೇ ಕಿತ್ತುಹಾಕಲು ಹೇಳಿದ್ದೆ. ಸಿದ್ರಾಮಪ್ಪ ಬಹಳ ಹೊತ್ತು ಹೆಣಗಿ, "ಎರಡೂ ಒಂದರ ಮ್ಯಾಲ ಒಂದು ಬಿದ್ದಾವ್ರಿ ಮಾಸ್ತರ. ನಿಮ್ದು ತಗದ್ರ ಅಕ್ಕಾರದೂ ಹೋಗ್ತೈತಿ" ಎಂದ. ಇರಲಿ ಬಿಡು ಎಂದೆ.

ಸಂಜೆ ಚಹಾ ಕುಡಿಯುತ್ತ ಸಿ.ಡಿ. ಹಾಕಿಕೊಳ್ಳುತ್ತೇನೆ. ಅವಳು ಕಣ್ಣು ಬಿಡುತ್ತಾಳೆ, ಮಾತು ತೆಗೆಯುತ್ತಾಳೆ. ನನಗೆ ಅದೇನು ಎಂದು ಕೇಳಹೊರಟಿದ್ದಳೋ! ಅಷ್ಟರಲ್ಲಿ ಮಾಸ್ತರನೊಬ್ಬ ಗದರಿಬಿಡುತ್ತಾನೆ. ಈ ಸಲವಾದರೂ ಅವನು ಬಾಯಿ ಮುಚ್ಚಿಕೊಂಡಿರಲಿ ಎಂದು ಪ್ರತಿ ಸಲ ಕಾಯುತ್ತೇನೆ. ಎಲ್ಲ ತಿಳಿದ ಮನುಷ್ಯ. ನನ್ನ ಮಾತು ಎಲ್ಲಿ ಕೇಳುತ್ತಾನೆ?