ಉಂಡೆ ಮೇಷ್ಟ್ರ ತೂಕ

ಗೋಳೆಲ್ಲ ಶುರುವಾದದ್ದು ಪ್ಯಾಕಿಂಗ್ ಕೋಣೆಯ ತೂಕದ ಯಂತ್ರದಿಂದ. ಬೆಳಿಗ್ಗೆ ಯಾರೂ ಬರುವ ಮೊದಲೇ ಉಂಡೆ ಮೇಷ್ಟ್ರು ಕಳ್ಳಹೆಜ್ಜೆಯಲ್ಲಿ ಬಂದು ಅದರ ಮೇಲೆ ಹತ್ತಿ ನಿಂತರು. ಮುಳ್ಳು ನಲವತ್ತೊಂಬತ್ತು ಕಿಲೋ ತೋರಿಸಿತು. ಇಳಿದು, ಕನ್ನಡಕ ಒರೆಸಿಕೊಂಡು, ಮತ್ತೆ ಹತ್ತಿದರು. ಮುಳ್ಳಿಗೆ ಅವರ ಕನ್ನಡಕದ ಹಂಗೇನಿತ್ತು? ಮತ್ತೆ ನಲವತ್ತೊಂಬತ್ತೇ.

ಅವರ ಎತ್ತರಕ್ಕೆ ಐವತ್ತೊಂದಾದರೂ ಇರಬೇಕು ಎಂದು ನರ್ಸಮ್ಮನ ಕೋಣೆಯ ಗೋಡೆಪಟ್ಟಿ ಹೇಳುತ್ತಿತ್ತು. ಕಾರ್ಖಾನೆಯವರ ವರ್ಷದ ಆರೋಗ್ಯ ತಪಾಸಣೆ ಇದ್ದದ್ದೂ ಅಂದೇ. ಹೋದ ವರ್ಷ ತೂಕ ಸಾಲದ ಇಬ್ಬರನ್ನು, ಮೈ ಕೂಡಿಸಿಕೊಂಡು ಬನ್ನಿ ಎಂದು ಮೂರು ತಿಂಗಳು ಮನೆಗೆ ಕಳಿಸಿದ್ದರು. ಬೇರೆಯವರಿಗೆ ಅದು ರಜೆ. ಮೇಷ್ಟ್ರಿಗೆ ಮಾತ್ರ ಜೀವ ಬಾಯಿಗೆ ಬಂತು. ಒಂಬತ್ತು ತಿಂಗಳ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಅವರು ಮನೆಗೆ ಹೋಗುತ್ತಿದ್ದುದು ಮಲಗುವುದಕ್ಕಷ್ಟೆ.

ಮೇಷ್ಟ್ರು ಎಂದರೆ ಪಾಠ ಹೇಳುವವರಲ್ಲ. ಅದು ಕಾಲುಚೀಲದ ಕಾರ್ಖಾನೆ. ಹೊಸ ಕಾಲುಚೀಲಗಳನ್ನು ಪೆಟ್ಟಿಗೆಯೊಂದಕ್ಕೆ ಹಾಕಿ ಗಂಟೆಗಟ್ಟಲೆ ಗಿರಗಿರನೆ ತಿರುಗಿಸಿ, ಬಟ್ಟೆಯ ಮೇಲೆ ಎಷ್ಟು ನೂಲಿನ ಉಂಡೆ ಎದ್ದಿದೆ ಎಂದು ದೀಪದ ಕೆಳಗೆ ನೋಡಿ ಅಂಕ ಕೊಡುವುದು ಅವರ ಕೆಲಸ. ಉಂಡೆಯೇ ಇಲ್ಲದಿದ್ದರೆ ಐದು, ಮೈತುಂಬ ಎದ್ದಿದ್ದರೆ ಒಂದು. ಇಪ್ಪತ್ತೊಂದು ವರ್ಷದಲ್ಲಿ ಯಾರ ಮುಲಾಜಿಗೂ ಒಂದಂಕ ಹೆಚ್ಚು ಬರೆದವರಲ್ಲ. ಎದುರಿನ ಕಿಟಕಿಯ ಬಳಿ ಕೂತು ಕಾಲುಚೀಲದ ಬೆರಳತುದಿ ಹೊಲಿಯುತ್ತಿದ್ದ ಹೆಂಡತಿಗೂ ಬರೆಯಲಿಲ್ಲ. ಉಳಿದ ನೂಲು ಕೂಡಿಸಿ ಅವಳು ಗಂಡನಿಗೊಂದು ಜೊತೆ ಹೆಣೆದು ಕೊಟ್ಟರೆ, ಈ ಪುಣ್ಯಾತ್ಮ ಅದನ್ನೂ ಪೆಟ್ಟಿಗೆಗೆ ಹಾಕಿ ತಿರುಗಿಸಿ ಎರಡು ಕೊಟ್ಟಿದ್ದರು. "ಒಂದು ಸಲನಾದ್ರೂ ಐದು ಕೊಡಬಾರ್ದೇನ್ರೀ? ಕೈ ಬಿದ್ದುಹೋಗುತ್ತಾ?" ಎಂದು ಅವಳು ಅಂದು ಇಡೀ ದಿನ ಮಾತು ಬಿಟ್ಟಿದ್ದಳು.

ಈಗ ಅವಳ ಸ್ಟೂಲು ಖಾಲಿ. ತಲೆ ಎತ್ತಿದರೆ ಕಾಣುತ್ತದೆ. ಅದು ಕಾಣುವ ಜಾಗ ತಪ್ಪಿಹೋಗಬಾರದು, ಮೇಷ್ಟ್ರ ಆಸೆ ಅಷ್ಟೇ. ನಿಜ ಹೇಳಬೇಕೆಂದರೆ, ನಲವತ್ತೊಂಬತ್ತು ಕಂಡಾಗ ಭಯದ ಜೊತೆಗೆ ಎಳ್ಳಷ್ಟು ಸಮಾಧಾನವೂ ಆಗಿತ್ತು. ಅವಳಿಗಾಗಿ ಅಳಲು ಬಾರದಿದ್ದರೂ ಮೈಯಾದರೂ ಕರಗುತ್ತಿದೆಯಲ್ಲ ಎಂದುಕೊಂಡಿದ್ದರು.

"ಏನ್ ಮೇಷ್ಟ್ರೇ, ಮುಖ ಹಿಂಡಿದ ಬಟ್ಟೆ ಥರ ಇದೆ?" ಎನ್ನುತ್ತ ಹೊಲಿಗೆ ಸಾಲಿನ ಹಿರಿಯಳಾದ ದೊಡ್ಡಕ್ಕ ಬಂದಳು. ಮೇಷ್ಟ್ರು ಗುಟ್ಟಾಗಿ ಹೇಳಿದರು. ದೊಡ್ಡಕ್ಕನಿಗೆ ಹೇಳಿದ ಗುಟ್ಟು ಡಂಗುರಕ್ಕಿಂತ ಬೇಗ ಮುಟ್ಟುತ್ತದೆ. ಅರ್ಧ ಗಂಟೆಯಲ್ಲಿ ಇಡೀ ಸಾಲು ಅವರ ಮೇಜಿನ ಸುತ್ತ ನೆರೆದಿತ್ತು.

"ಅದಕ್ಕೇ ಬಡ್ಕೊಂಡಿದ್ದು, ಸರಿಯಾಗಿ ಉಣ್ಣಿ ಅಂತ!" ಎಂದಳೊಬ್ಬಳು. ಒಂಬತ್ತು ತಿಂಗಳಿಂದ ಇವರೆಲ್ಲ ದಿನಾ ತಮ್ಮ ತಮ್ಮ ಡಬ್ಬಿಯಿಂದ ಮೇಷ್ಟ್ರ ಡಬ್ಬಿಗೆ ಸುರಿಯುತ್ತಿದ್ದರು. ಮೇಷ್ಟ್ರು ಬೇಡ ಬೇಡ ಎನ್ನುತ್ತಲೇ ತಿನ್ನುತ್ತಿದ್ದರು.

"ಎಲ್ಲ ಸುಮ್ನಿರಿ," ಎಂದು ದೊಡ್ಡಕ್ಕ ಒಂದು ಡಬ್ಬ ತಂದಿಟ್ಟಳು. ಕಾಲುಚೀಲ ಎಷ್ಟು ಹಿಗ್ಗುತ್ತದೆ ಎಂದು ನೋಡಲು ತೂಗುಹಾಕುವ ಸೀಸದ ಬಿಲ್ಲೆಗಳು ಅದರಲ್ಲಿದ್ದವು. "ಒಂದೊಂದೂ ಐವತ್ತು ಗ್ರಾಮು. ನಲವತ್ತು ಹಾಕ್ಕೊಂಡ್ರೆ ಎರಡು ಕಿಲೋ. ಕಾಲುಚೀಲದೊಳಗೆ ಇಳಿಬಿಡಿ."

"ನರ್ಸಮ್ಮ ನೋಡಿದ್ರೆ?"

"ನಿಮ್ಮ ಕಾಲುಚೀಲದ ತುಂಬ ಆಗ್ಲೇ ಉಂಡೆ. ಅದರಲ್ಲಿ ಇನ್ನು ನಲವತ್ತು ಯಾರಿಗೆ ಗೊತ್ತಾಗುತ್ತೆ?"

ಕಾಲಲ್ಲಿದ್ದದ್ದು ಹೆಂಡತಿ ಹೆಣೆದ ಅದೇ ಜೊತೆ. ಅದನ್ನು ಇಂಥ ಕೆಲಸಕ್ಕೆ ಎಳೆಯಲು ಮೇಷ್ಟ್ರಿಗೆ ಮನಸ್ಸಿರಲಿಲ್ಲ. ಆದರೂ ಕಾಲಿಗೆ ಇಪ್ಪತ್ತರಂತೆ ತುಂಬಿಕೊಂಡರು. ಕೆಲಸದ ಅಂತಸ್ತಿನಲ್ಲಿ ಬೂಟು ಹಾಕುವಂತಿಲ್ಲ, ಕೊಳೆ ತಾಗುತ್ತದೆ. ಹೀಗಾಗಿ ಬರೀ ಕಾಲುಚೀಲದಲ್ಲೇ ಕಾಲೆಳೆಯುತ್ತ ಹೊರಟರು. ಹೆಣಿಗೆ ಯಂತ್ರಗಳ ಸಾಲು ದಾಟಬೇಕು, ಆಮೇಲೆ ಮೆಟ್ಟಿಲು. ಯಂತ್ರಗಳ ಸದ್ದಿಗೆ ಪಕ್ಕದವರ ಕೂಗೂ ಕೇಳುವಂತಿರಲಿಲ್ಲ. ಮೊದಲು ಒಂದೊಂದು ಹೆಜ್ಜೆಯೂ ಮಣಭಾರ. ಮೆಟ್ಟಿಲ ಕೊನೆಗೆ ಬರುವಷ್ಟರಲ್ಲಿ ಕಾಲು ಹಗುರವಾಗಿತ್ತು. ಧೈರ್ಯ ಬಂದರೆ ಹೀಗೇ ಇರಬೇಕು ಎಂದುಕೊಂಡರು ಮೇಷ್ಟ್ರು.

ಅವರು ನರ್ಸಮ್ಮನ ಕೋಣೆಯ ತೂಕದ ಯಂತ್ರ ಹತ್ತಿದೊಡನೆ ಅವಳು ಬಗ್ಗಿ ಕಾಲನ್ನೇ ನೋಡಿದಳು. "ಇದೇನ್ರೀ ಇದು, ಕಾಲುಚೀಲದ ತುಂಬ ಉಂಡೆ?"

ಮೇಷ್ಟ್ರ ಎದೆ ಧಸಕ್ಕೆಂದಿತು. "ಉಂಡೆನಾ? ಎಲ್ಲಿ?"

"ನಂದೂ ಹೀಗೇ ಆಗುತ್ತೆ. ಒಂದೇ ತಿಂಗಳಿಗೆ ಮೈಯೆಲ್ಲ ಉಂಡೆ. ಯಾಕ್ರೀ?"

ಹೋದ ಜೀವ ಬಂದಂತಾಯಿತು. "ಬೆರಕೆ ನೂಲು ಅಮ್ಮ. ತಿಕ್ಕಿದ ಕಡೆ ಸಣ್ಣ ಎಳೆ ಎದ್ದು ಸುತ್ತಿಕೊಳ್ಳುತ್ತೆ. ಒಗೆಯೋವಾಗ ಒಳಮಗ್ಗುಲು ಹೊರಗೆ ಮಾಡಿ, ಉಜ್ಜಬೇಡಿ. ಕೀಳೋಕಂತೂ ಹೋಗಲೇಬೇಡಿ. ಕಿತ್ತಷ್ಟೂ ಏಳುತ್ತೆ."

"ಹಾಗಾದ್ರೆ ಏನು ಮಾಡೋದು?"

"ಹಾಗೇ ಇಟ್ಕೊಳ್ಳೋದು," ಎಂದರು ಮೇಷ್ಟ್ರು.

"ಐವತ್ತೊಂದೂವರೆ!" ಎಂದು ನರ್ಸಮ್ಮ ಬರೆದುಕೊಂಡಳು. "ಗಟ್ಟಿಮುಟ್ಟಾಗಿದ್ದೀರಿ. ನಾಳೆಯಿಂದ ಗೋದಾಮಿಗೆ."

"ಯಾವ ಗೋದಾಮು?"

"ಈ ವರ್ಷ ಕಟ್ಟಳೆ ಬದಲಾಗಿದೆ. ತೂಕ ಸಾಲದವರನ್ನ ಮನೆಗೆ ಕಳಿಸಲ್ಲ, ಕೂತು ಮಾಡೋ ಕೆಲಸ ಕೊಡ್ತಾರೆ. ಗಟ್ಟಿ ಇರೋರು ಪೆಟ್ಟಿಗೆ ಹೊರೋಕೆ ಹೋಗ್ಬೇಕು. ಗೋದಾಮಿನ ಕಡ್ಡಿಯಣ್ಣ ಇದಾನಲ್ಲ, ನಲವತ್ತನಾಲ್ಕೇ ಕಿಲೋ ಪಾಪ. ನಿಮ್ಮ ಮೇಜು ಅವನಿಗೆ."

ಮೇಷ್ಟ್ರು ಕುರ್ಚಿಗೆ ಕುಸಿದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವರದಲ್ಲ. "ಅಮ್ಮಾ, ನಾನು ಮೋಸ ಮಾಡಿದ್ದೀನಿ," ಎಂದು ಒಪ್ಪಿಕೊಂಡೇಬಿಟ್ಟರು. "ಒಳಗೆ ಎರಡು ಕಿಲೋ ಸೀಸ ಇದೆ. ನನ್ನ ತೂಕ ನಲವತ್ತೊಂಬತ್ತೇ. ನೋಡಿ ಬೇಕಾದ್ರೆ!" ಎಂದು ಎರಡೂ ಕಾಲುಚೀಲ ಕಳಚಿ ಕೊಡವಿದರು.

ಏನೂ ಬೀಳಲಿಲ್ಲ. ಎರಡರ ಹಿಮ್ಮಡಿಯೂ ಬಾಯಿಬಿಟ್ಟಿತ್ತು.

ಅಷ್ಟರಲ್ಲಿ ಪ್ಯಾಕಿಂಗ್ ಮೇಸ್ತ್ರಿ ಒಂದು ಮುಷ್ಟಿ ತುಂಬ ಬಿಲ್ಲೆ ಹಿಡಿದು ಸೊಂಟ ನೀವಿಕೊಳ್ಳುತ್ತ ಬಂದ. "ಯಾವನ್ರೀ ಇದನ್ನ ಮೆಟ್ಟಿಲ ತುಂಬ ಚೆಲ್ಲಿದ್ದು? ಕಾಲು ಜಾರಿ ಸೊಂಟ ಹೋಯ್ತು!" ಸಂಗತಿ ಕೇಳಿದ ಮೇಲೆ ಸೊಂಟ ಮರೆತು ನಕ್ಕ. "ಅಲ್ಲಾ ಮೇಷ್ಟ್ರೇ, ಯಾರಾದ್ರೂ ನಮ್ಮ ಯಂತ್ರದಲ್ಲಿ ತೂಕ ನೋಡ್ಕೋತಾರಾ? ಖಾಲಿ ಪೆಟ್ಟಿಗೆದು ಎರಡೂವರೆ ಕಿಲೋ. ಅದನ್ನ ಕಳೆದು ತೋರಿಸೋ ಹಾಗೆ ನಾನೇ ಮುಳ್ಳು ಹಿಂದಿಟ್ಟಿದ್ದೀನಿ."

"ಹೋದ ವರ್ಷನೂ ಐವತ್ತೊಂದೂವರೆನೇ ಇದೆ," ಎಂದಳು ನರ್ಸಮ್ಮ ಹಳೆಯ ಹಾಳೆ ತಿರುವಿ. "ಒಂದು ಗ್ರಾಮೂ ಇಳಿದಿಲ್ಲ. ಸಂತೋಷಪಡಿ."

ಮೇಷ್ಟ್ರಿಗೆ ಗೋದಾಮಿನ ಮಾತು ಮರೆತೇಹೋಯಿತು. ಹೋದ ವರ್ಷ ಅವಳಿದ್ದಳು. ಒಂದು ಗ್ರಾಮೂ ಇಳಿದಿಲ್ಲ. ಇಪ್ಪತ್ತು ವರ್ಷ ಎದುರಿಗೆ ಕೂತಿದ್ದವಳು ಎದ್ದುಹೋದರೆ ಈ ಮೈಗೆ ಅಷ್ಟೂ ಗೊತ್ತಾಗಲಿಲ್ಲವೇ? ನಾಚಿಕೆಯಾಯಿತು. ಒಂಬತ್ತು ತಿಂಗಳಿಂದ ಬಾರದ ಅಳು, ಬರಬಾರದ ಹೊತ್ತಿನಲ್ಲಿ, ಮೇಸ್ತ್ರಿ ಎದುರಿಗೇ ಬಂತು. ಮೇಸ್ತ್ರಿ ನಗು ನಿಲ್ಲಿಸಿ ಬಿಲ್ಲೆಗಳನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟ.

ಸಂಜೆ ಮೇಷ್ಟ್ರು ಕಡ್ಡಿಯಣ್ಣನಿಗೆ ಮೇಜು ಒಪ್ಪಿಸಿದರು. ಗಾಳಿ ಬಂದರೆ ತೂರಿಹೋಗುವಂಥ ಆ ನಡುವಯಸ್ಸಿನ ಆಸಾಮಿ ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿದ್ದ. ಅಂಕ ಹಾಕುವುದನ್ನು ಕಲಿಸಲು ಮೇಷ್ಟ್ರು ಬೇರೇನೂ ಹುಡುಕದೆ, ಕೈಯಲ್ಲಿದ್ದ ಹಿಮ್ಮಡಿ ಹರಿದ ಜೊತೆಯನ್ನೇ ದೀಪದ ಕೆಳಗೆ ಹರಡಿದರು.

"ಇದಕ್ಕೆಷ್ಟು ಮೇಷ್ಟ್ರೇ?" ಕಡ್ಡಿಯಣ್ಣ ಪೆನ್ನು ಹಿಡಿದು ಕೇಳಿದ.

ಮೇಷ್ಟ್ರು ಕಿಟಕಿಯ ಬಳಿಯ ಸ್ಟೂಲು ನೋಡಿದರು. "ಐದು," ಎಂದರು.

ಕಡ್ಡಿಯಣ್ಣ ಉಂಡೆಗಳನ್ನು ನೋಡಿದ, ಮೇಷ್ಟ್ರ ಮುಖ ನೋಡಿದ. ಐದು ಎಂದು ಬರೆದುಕೊಂಡ. ಮೇಷ್ಟ್ರು ಕಾಲುಚೀಲ ಮಡಚಿ ಜೇಬಿಗಿಟ್ಟುಕೊಂಡು, ಬಾಗಿಲಲ್ಲಿ ಬರಿಗಾಲಿಗೇ ಬೂಟು ತೊಟ್ಟು ಮನೆಗೆ ಹೊರಟರು.