ಬೆನ್ನು ತೋರಿಸಬಾರದ ಜೋಳ

ಸ್ವಂತಿಕೆ ಎಂಬುದು ನನ್ನಲ್ಲಿ ಹುಟ್ಟಿನಿಂದಲೇ ಕಡಿಮೆ. ಅದನ್ನು ನಾನು ಯಾವತ್ತೂ ಮುಚ್ಚಿಟ್ಟವನಲ್ಲ. ನನ್ನ ಮೀಸೆ ಅಣ್ಣನದನ್ನು ನೋಡಿ ಬಿಟ್ಟದ್ದು, ಮನೆಯ ಬಣ್ಣ ಎದುರು ಮನೆಯವರದನ್ನು ನೋಡಿ ಬಳಿಸಿದ್ದು. ನನ್ನ ಲಗ್ನಪತ್ರಿಕೆಯನ್ನೂ ಗೆಳೆಯನೊಬ್ಬನ ಪತ್ರಿಕೆಯನ್ನು ಮುಂದಿಟ್ಟುಕೊಂಡೇ ಅಚ್ಚು ಹಾಕಿಸಿದ್ದೆ. ಹೆಸರುಗಳನ್ನೆಲ್ಲ ಬದಲಿಸಿ ಅವನ ಸೋದರಮಾವನ ಹೆಸರೊಂದನ್ನು ತೆಗೆಯಲು ಮರೆತಿದ್ದೆ. ಆ ಮನುಷ್ಯ ರುಮಾಲು ಸುತ್ತಿಕೊಂಡು ನಿಜಕ್ಕೂ ಬಂದರು, ಮೊದಲ ಪಂಕ್ತಿಯಲ್ಲೇ ಉಂಡರು, ಅಕ್ಷತೆ ಹಾಕಿ ಹೋದರು. ಇಂಥ ನಾನು ಮಗಳ ವೇಷದ ವಿಷಯದಲ್ಲಿ ಮಾತ್ರ ಯಾರೂ ಮಾಡದ್ದನ್ನು ಮಾಡಿ ತೋರಿಸುತ್ತೇನೆಂದು ಹಟಕ್ಕೆ ಬಿದ್ದೆ.

ಅದಕ್ಕೆ ಕಾರಣವಿತ್ತು. ನಾವು ಗೋಗಿಯಲ್ಲಿ ಇರುವವರು. ನಾನು ಶಹಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ, ಮಗಳು ಭೂಮಿಕಾ ಅದೇ ಊರಿನ ಶಾಲೆಯಲ್ಲಿ ಮೂರನೇ ಇಯತ್ತೆ ಓದುತ್ತಾಳೆ. ಹೋದ ವರ್ಷ ಶಾಲೆಯ ವಾರ್ಷಿಕೋತ್ಸವದ, ಅಂದರೆ ಗ್ಯಾದರಿಂಗಿನ, ವೇಷಭೂಷಣ ಸ್ಪರ್ಧೆಗೆಂದು ಯಾದಗಿರಿಯ ಬಾಡಿಗೆ ಅಂಗಡಿಯೊಂದರಿಂದ ಸೈನಿಕನ ಉಡುಪು ತಂದಿದ್ದೆವು. ಉಳಿದ ತಂದೆತಾಯಿಗಳೂ ಅದೇ ಅಂಗಡಿಗೆ ಹೋಗಿದ್ದರೆಂಬುದು ಪರದೆ ಸರಿದಾಗ ಗೊತ್ತಾಯಿತು. ವೇದಿಕೆಯ ಮೇಲೆ ಒಂದು ತುಕಡಿಯೇ ನಿಂತಿತ್ತು. ಎಲ್ಲರಿಗೂ ಹುಬ್ಬಿನವರೆಗೆ ಇಳಿದ ಟೊಪ್ಪಿಗೆ, ಎಲ್ಲರಿಗೂ ಕಾಡಿಗೆಯ ಮೀಸೆ. ನನ್ನ ಹೆಂಡತಿ ಮಹಾದೇವಿ ಕೈ ಸೋಲುವ ತನಕ ಮೊಬೈಲು ಎತ್ತಿ ಹಿಡಿದು ವಿಡಿಯೋ ಮಾಡಿ, ಅಲ್ಲಿಂದಲೇ ನೆಂಟರಿಗೆಲ್ಲ ಕಳಿಸಿದಳು. ಮನೆಗೆ ಬಂದು ನೋಡಿದರೆ ಅದು ಬೇರೆ ಯಾರದೋ ಮಗ. ಅಷ್ಟರಲ್ಲಿ ಸುರಪುರದಿಂದ ನಮ್ಮ ಅತ್ತೆಯವರ ಧ್ವನಿ ಸಂದೇಶ ಬಂದಿತ್ತು: "ಕೂಸು ಥೇಟ್ ಅಪ್ಪನಂಗ ಕಾಣ್ತದ ನೋಡ್ರಿ."

ಎಲ್ಲರೂ ನಕ್ಕೆವು, ಭೂಮಿಕಾ ನಗಲಿಲ್ಲ. "ಅಂದ್ರ ನಾ ಯಾರಿಗೂ ಕಂಡೇ ಇಲ್ಲ," ಎಂದು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಆ ಮಾತು ನನಗೆ ವರ್ಷವಿಡೀ ಚುಚ್ಚುತ್ತಿತ್ತು.

ಹಾಗಾಗಿ ಈ ಸಲ ಎರಡು ವಾರ ಮೊದಲೇ ಸ್ಫೂರ್ತಿಗಾಗಿ ಕಾಯುತ್ತ ಕುಳಿತೆ. ಮೊಬೈಲಿನಲ್ಲಿ ಹುಡುಕಿದರೆ ಚಿಟ್ಟೆ, ನವಿಲು, ಐಸ್‌ಕ್ರೀಮು ಎಲ್ಲ ಸಿಕ್ಕವು. ಆದರೆ ನನಗೆ ಸಿಕ್ಕದ್ದು ಉಳಿದವರಿಗೂ ಸಿಕ್ಕಿರುತ್ತದಲ್ಲ. ಕಣ್ಣು ಮುಚ್ಚಿ ಕುಳಿತರೆ ಸ್ಫೂರ್ತಿಗಿಂತ ಮೊದಲು ನಿದ್ದೆ ಬರುತ್ತಿತ್ತು. ಕೊನೆಗೆ ಒಂದು ಸಂಜೆ ಕಚೇರಿಯಿಂದ ಬರುವಾಗ ದಾರಿಯ ಬದಿಯ ಹೊಲದಲ್ಲಿ ತೆನೆ ಹೊತ್ತು ನಿಂತ ಬಿಳಿಜೋಳ ಕಂಡಿತು. ಮೂರು ಹೊತ್ತು ತಿನ್ನುವ ಜೋಳದ ವೇಷವನ್ನು ಯಾರೂ ಹಾಕಿದ್ದು ನಾನು ಕಂಡಿರಲಿಲ್ಲ. ಎದೆ ಉಬ್ಬಿತು. ಪರಿಚಯದ ರೈತರನ್ನು ಕೇಳಿ ಒಂದು ಹೊರೆ ಹಸಿ ದಂಟು ತಂದೆ. ಮಹಾದೇವಿ ಹಸಿರು ಲಂಗ ಮತ್ತು ಪೋಲಕದ ಸುತ್ತ ದಂಟಿನ ಗರಿಗಳನ್ನು ಒತ್ತೊತ್ತಾಗಿ ಹೊಲಿದಳು. ತಲೆಗೆ ತೆನೆಗಳ ಕಿರೀಟ ನಾನೇ ಕಟ್ಟಿದೆ. ಎರಡು ಸಲ ಬಿಚ್ಚಿತು. ಮೂರನೆಯ ಸಲ ಮಹಾದೇವಿ ಕಟ್ಟಿದಳು. ಪಕ್ಕದ ಮನೆಯವರು "ಏನ್ ಮಾಡಾಕತ್ತೀರಿ ಮಾಸ್ತರ್ರ?" ಎಂದು ಇಣುಕಿದಾಗ ದನಕ್ಕೆ ಮೇವು ಎಂದೆ. ನಮ್ಮ ಮನೆಯಲ್ಲಿ ದನವಿಲ್ಲ. ನಾನು ಮಾಸ್ತರನೂ ಅಲ್ಲ.

ಗ್ಯಾದರಿಂಗಿನ ದಿನ ಮಧ್ಯಾಹ್ನ ಶಹಾಪುರಕ್ಕೆ ಹೋಗುವ ಟಂಟಂ ಆಟೋ ಹತ್ತಿದೆವು. ಕುಳಿತರೆ ಗರಿ ಮುರಿಯುತ್ತವೆಂದು ಭೂಮಿಕಾಳನ್ನು ಹಿಂದಿನ ಸೀಟಿನ ಬಳಿ ತಾಯಿಯ ಕಡೆಗೆ ಮುಖ ಮಾಡಿಸಿ ನಿಲ್ಲಿಸಿ, ನಾನು ಡ್ರೈವರನ ಪಕ್ಕದಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಕುಳಿತೆ. ಎದುರು ಸೀಟಿನಲ್ಲಿ ಒಬ್ಬ ಮುದುಕಿ ತನ್ನ ಆಡನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಮಗಳ ಊರಿಗೆ ಹೊರಟಿದ್ದಳು. ಮಗಳ ಬಾಣಂತನದ ಕತೆ ಕೇಳುತ್ತ ಮಹಾದೇವಿ ಮೈಮರೆತಳು. ನಾನು ಡ್ರೈವರನಿಗೆ ಸ್ವಂತಿಕೆಯ ಬಗ್ಗೆ ಹೇಳುತ್ತ ಮೈಮರೆತೆ. ಆಡು ಮಾತ್ರ ಎಚ್ಚರವಾಗಿತ್ತು.

ಶಹಾಪುರದಲ್ಲಿ ಇಳಿದಾಗ ಮುಂದಿನಿಂದ ಭೂಮಿಕಾ ಥೇಟ್ ಜೋಳದ ಬೆಳೆ. ಹಿಂದಿನಿಂದ ಬರೀ ಲಂಗ, ಅದರ ಮೇಲೆ ಅಲ್ಲಲ್ಲಿ ದಾರಕ್ಕೆ ಜೋತುಬಿದ್ದ ಗರಿಯ ತುಂಡುಗಳು.

"ಆಯಿ, ಇದೇನ್ರಿ ನಿಮ್ಮ ಆಡು ಮಾಡಿದ್ದು," ಎಂದೆ.

ಮುದುಕಿ ಭೂಮಿಕಾಳ ಬೆನ್ನನ್ನೊಮ್ಮೆ, ಆಡನ್ನೊಮ್ಮೆ ನೋಡಿದಳು. "ಮೇವು ಉಡಿಸಿ ಆಡಿನ ಮುಂದ ನಿಲ್ಸೀದಿ ತಮ್ಮಾ. ಅದಕ್ಕೇನ್ ತಿಳೀತದ ಇದು ನಾಟಕದ ಜ್ವಾಳ ಅಂತ?" ಎಂದು ಹೇಳಿ ಹೊರಟುಹೋದಳು.

ಮನೆಗೆ ವಾಪಸು ಹೋಗೋಣವೆಂದೆ ನಾನು. ಮಹಾದೇವಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಳುವೋ ನಗುವೋ ಆಗ ತಿಳಿಯಲಿಲ್ಲ. ಭೂಮಿಕಾ ಮಾತ್ರ ಶಾಲೆಯ ಕಡೆಗೆ ನಡೆಯತೊಡಗಿದ್ದಳು. ದಾರಿಯುದ್ದಕ್ಕೂ ನಾನು ಒಂದೇ ಪಾಠ ಹೇಳಿಕೊಟ್ಟೆ: "ಮುಂದ ನೋಡಿ ಮಾತಾಡು. ಆಮ್ಯಾಲ ಹಂಗೇ ಹಿಂದ ಹಿಂದ ಸರದು ಬಾ. ಏನೇ ಆಗ್ಲಿ, ಬೆನ್ನು ತೋರಿಸಬ್ಯಾಡ."

ವೇದಿಕೆಯ ಮೇಲೆ ಅವಳು ಚೆನ್ನಾಗಿಯೇ ಶುರುಮಾಡಿದಳು. "ನಾನು ಜ್ವಾಳ. ನಾನಿಲ್ಲಂದ್ರ ನಿಮಗ ರೊಟ್ಟಿ ಇಲ್ಲ." ಚಪ್ಪಾಳೆ ಬಿತ್ತು. ಅಷ್ಟಕ್ಕೇ ಬಿಡಬಹುದಿತ್ತು. ತೀರ್ಪುಗಾರರಾಗಿ ಬಂದಿದ್ದ ಮೇಡಮ್ಮು ಕನ್ನಡಕ ಏರಿಸಿ, "ಒಂದು ಸುತ್ತು ತಿರುಗಮ್ಮ, ಎಲ್ಲರೂ ನೋಡಲಿ," ಎಂದರು. ನಾನು ಮುಂದಿನ ಕುರ್ಚಿಯ ಹಿಂದೆ ತಲೆ ತಗ್ಗಿಸಿದೆ.

ಭೂಮಿಕಾ ಒಂದು ಕ್ಷಣ ನನ್ನನ್ನು ಹುಡುಕಿದಳು. ಸಿಗಲಿಲ್ಲ. ನಿಧಾನವಾಗಿ ತಿರುಗಿದಳು. ಬೆನ್ನು ತೋರಿಸಿಕೊಂಡೇ ಅವಳು ಹೇಳಿದ್ದು ಇಡೀ ಮೈದಾನಕ್ಕೆ ಕೇಳಿಸಿತು: "ನೀವು ನನ್ನ ಕಾಯ್ದ್ರ ಮುಂದ ಇದ್ದಂಗ ಇರ್ತೀನಿ. ಮಾತಾಡಕೋತ ಕುಂತ್ರ ಹಿಂಗಾಗ್ತೀನಿ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ ಅವಳದೇ. ಮೇಡಮ್ಮು ಮೈಕಿನಲ್ಲಿ ಮುಂಭಾಗದ ಸಮೃದ್ಧಿ, ಹಿಂಭಾಗದ ಎಚ್ಚರಿಕೆ ಎಂದೆಲ್ಲ ವಿವರಿಸಿ, ಇಂಥ ಸ್ವಂತಿಕೆಯ ಕಲ್ಪನೆಯನ್ನು ತಾವು ಎಲ್ಲಿಯೂ ಕಂಡಿಲ್ಲವೆಂದರು. ನನ್ನನ್ನು ಮೇಲೆ ಕರೆದು, "ಇದು ಹ್ಯಾಂಗ ಹೊಳೀತ್ರಿ ನಿಮಗ?" ಎಂದು ಕೇಳಿದರು. ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಎದುರಿಗೆ ನಮ್ಮ ಕಚೇರಿಯ ಸಾಹೇಬರು ಕುಳಿತಿದ್ದರು. "ಬಾಳ ವಿಚಾರ ಮಾಡಿ ಮಾಡಿದ್ದು ಮೇಡಂ," ಎಂದೆ. ಕೆಳಗೆ ಮಹಾದೇವಿ ಮೊಬೈಲು ಎತ್ತಿ ಹಿಡಿದು, ಈ ಸಲ ಸರಿಯಾದ ಮನುಷ್ಯನನ್ನೇ ವಿಡಿಯೋ ಮಾಡುತ್ತಿದ್ದಳು.

ಅಂದಿನಿಂದ ನಾನು ಈ ಭಾಗದಲ್ಲಿ ವೇಷಭೂಷಣದ ತಜ್ಞ. ಕಚೇರಿಯಲ್ಲಿ ಫೈಲು ಕೇಳಲು ಬಂದವರು ಉಡುಪಿನ ಸಲಹೆ ಕೇಳಿ ಹೋಗುತ್ತಾರೆ. ಮೊನ್ನೆ ಭಾನುವಾರ ಕಕ್ಕೇರಾದಿಂದ ಗಂಡ-ಹೆಂಡತಿ ಇಬ್ಬರು ಮನೆಗೇ ಬಂದರು. ಮಗನಿಗೆ ಹತ್ತಿಯ ವೇಷ ಹಾಕಬೇಕಂತೆ, ಆದರೆ ಅದರಲ್ಲಿ ನನ್ನ ಆ ವಿಶೇಷ ಹೊಳಹು ಇರಬೇಕಂತೆ. ನಾನು ಚಹಾ ತರಿಸಿ, ಗದ್ದಕ್ಕೆ ಬೆರಳಿಟ್ಟು, ಸೂರು ನೋಡುತ್ತ, ಸ್ಫೂರ್ತಿ ಎಂಬುದು ಕರೆದಾಗ ಬರುವುದಿಲ್ಲ, ಅದಕ್ಕೆ ತಪಸ್ಸು ಬೇಕು ಎಂದು ವಿವರಿಸುತ್ತಿದ್ದೆ. ಮೂಲೆಯಲ್ಲಿ ಹೋಂವರ್ಕ್ ಬರೆಯುತ್ತಿದ್ದ ಭೂಮಿಕಾ ತಲೆ ಎತ್ತಿದಳು.

"ಪಪ್ಪಾ, ಹತ್ತೀನ ಯಾವ ಪ್ರಾಣಿ ತಿಂತದ?"

ದಂಪತಿ ನನ್ನ ಮುಖ ನೋಡಿದರು. ನಾನು ಇನ್ನೂ ಸೂರು ನೋಡುತ್ತಿದ್ದೆ.