ಡಿಸ್ಕಸ್ ಮೀನಿಗೆ ತಾಮ್ರದ ಹಂಡೆ

ಮೀನು ಸಾಕುವುದರಲ್ಲಿ ಏನು ಮಹಾ ಇದೆ? ಬೊಗಳುವುದಿಲ್ಲ. ಸ್ಕೂಲ್ ಬಸ್ ತಪ್ಪಿಸಿಕೊಳ್ಳುವುದಿಲ್ಲ. ಉಪ್ಪಿಟ್ಟು ಕಂಡು ಮುಖ ಸಿಂಡರಿಸುವುದಿಲ್ಲ. ಒಂದು ಗಾಜಿನ ಪೆಟ್ಟಿಗೆ, ಅದರ ತುಂಬ ನೀರು, ಮೇಲೊಂದು ಚಿಟಿಕೆ ತಿಂಡಿ, ಮುಗಿಯಿತು! ಒಬ್ಬ ಗಂಡನನ್ನೂ ಒಬ್ಬ ಮಗಳನ್ನೂ ದೆಹಲಿಯ ಚಳಿ, ಸೆಕೆ ಎರಡರಲ್ಲೂ ಸಾಕಿ ತೋರಿಸಿದ ನನಗೆ ಐದು ಮೀನು ಯಾವ ಲೆಕ್ಕ?

ಕಾವೇರಮ್ಮ ಆಂಟಿಗೆ ನಾನು ಹೇಳಿದ್ದೂ ಇದನ್ನೇ.

ಆಂಟಿ ಕೊಡಗಿನವರು, ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಫ್ಲ್ಯಾಟಿನಿಂದ ಎರಡು ಬೀದಿ ಆಚೆ ಬಾಡಿಗೆಗಿದ್ದರು. ಅವರ ಗಂಡ ಕರ್ನಲ್. ಅಂಕಲ್‌ಗೆ ಅಸ್ಸಾಮಿನ ಕಡೆ ನಾಲ್ಕು ತಿಂಗಳ ಕೆಲಸ ಬಿತ್ತು, ಆಂಟಿಯೂ ಹೊರಟರು. ಹೊರಡಲಾಗದೆ ಉಳಿದವರು ಐದು ಜನ: ಆಂಟಿಯ ಡಿಸ್ಕಸ್ ಮೀನುಗಳು. ದೋಸೆಯಂತೆ ದುಂಡಗೆ, ಚಪ್ಪಟೆಯಾಗಿ, ಮೈಮೇಲೆ ನೀಲಿ ಗೆರೆ. ಆಂಟಿಗೆ ಅವು ಮೀನಲ್ಲ, ಮಕ್ಕಳು.

"ಇವು ಬಹಳ ನಾಜೂಕು ಕಣೇ," ಆಂಟಿ ಎಚ್ಚರಿಸಿದರು. "ಬೇಜಾರಾದ್ರೆ ಕಪ್ಪಗಾಗಿಬಿಡ್ತಾವೆ."

"ನಮ್ಮನೆಯವರೂ ಹಾಗೇ ಆಂಟಿ. ನನಗೆ ಅಭ್ಯಾಸ ಇದೆ."

"ಮಾರ್ಚಲ್ಲಿ ಬರ್ತೇನೆ. ಐದಕ್ಕೆ ಐದೂ ನನ್ನ ಕೈಗೆ ಕೊಡಬೇಕು."

"ಐದಕ್ಕೆ ಐದು!" ಎಂದು ನಾನು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಆಂಟಿ ಒಂದು ನೋಟ್‌ಬುಕ್ಕಿನಲ್ಲಿ ನಿಯಮಾವಳಿ ಬರೆದುಕೊಟ್ಟರು. ನೀರು ಸದಾ ಇಪ್ಪತ್ತೊಂಬತ್ತು ಡಿಗ್ರಿ ಬೆಚ್ಚಗಿರಬೇಕು. ದಿನಾ ಕಾಲು ಭಾಗ ನೀರು ಬದಲಿಸಬೇಕು. ನಲ್ಲಿ ನೀರನ್ನು ನೇರವಾಗಿ ಸುರಿಯಕೂಡದು; ಅದರ ಕ್ಲೋರಿನ್ ಹೋಗಲು ಸ್ವಚ್ಛವಾದ ಪಾತ್ರೆಯಲ್ಲಿ ಒಂದು ದಿನ ನಿಲ್ಲಿಸಬೇಕು. 'ಸ್ವಚ್ಛವಾದ' ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದರು. ಆ ಎರಡು ಗೆರೆಗಳೇ ನನ್ನನ್ನು ಹಾಳುಮಾಡಿದವು.

ಮೊದಲಿಗೆ ಟ್ಯಾಂಕ್ ಬಂತು. ನಾಲ್ಕಡಿ ಉದ್ದ. ಆಂಟಿಯ ನಿಯಮದಂತೆ ಮೀನು ಬರುವ ಮೊದಲು ಮೂರು ವಾರ ಅದು ಸುಮ್ಮನೆ ಓಡಬೇಕಿತ್ತು. ಫಿಲ್ಟರಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಸಂಸಾರ ಹೂಡಬೇಕಂತೆ! ಮೇಲಿನ ಮನೆಯ ಮಿಸೆಸ್ ಸೇಠಿ ಬಂದು ಗಾಜಿಗೆ ಮೂಗು ಒತ್ತಿ ನೋಡಿದರು. "ಮಛಲೀ ಕಹಾಂ ಹೈ?"

"ಇನ್ನೂ ಬಂದಿಲ್ಲ," ಎಂದು ನಾನು ಹಿಂದಿಯಲ್ಲಿ ಹೇಳಿದೆ.

ನಮ್ಮವರು ಪತ್ರಿಕೆಯ ಹಿಂದಿನಿಂದ ಕನ್ನಡದಲ್ಲಿ ಸೇರಿಸಿದರು: "ಥೇಟ್ ನಮ್ಮ ಆಫೀಸು. ಲೈಟ್ ಉರೀತಿದೆ, ಮೋಟಾರ್ ಓಡ್ತಿದೆ, ಒಳಗೆ ಯಾರೂ ಇಲ್ಲ."

ನವೆಂಬರಿನಲ್ಲಿ ಐದೂ ಮೀನು ಬಂದು ಟ್ಯಾಂಕಿನೊಳಗಿದ್ದ ಮರದ ಬೊಡ್ಡೆಯ ಹಿಂದೆ ಅಡಗಿಕೊಂಡವು. ಎಂಟು ದಿನದಲ್ಲಿ ಹೊರಬಂದವು. ನಾನು ಎರಡು ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ನೀರು ನಿಲ್ಲಿಸಿ, ಕೆಟಲ್ಲಿನ ಬಿಸಿನೀರು ಬೆರೆಸಿ, ರಬ್ಬರ್ ಪೈಪಿನಿಂದ ಹಳೆಯ ನೀರು ತೆಗೆದು ಹೊಸದು ತುಂಬುತ್ತಿದ್ದೆ. ಸಂಜೆ ಆಫೀಸಿನಿಂದ ಬಂದ ನಮ್ಮವರು ಕಂದು ಸ್ವೆಟರ್ ಹಾಕಿಕೊಂಡು ಒಂದು ಚಿಟಿಕೆ ತಿಂಡಿ ಉದುರಿಸುತ್ತಿದ್ದರು. ಅಷ್ಟೇ ಅವರ ಸೇವೆ. ಜನವರಿಯ ಚಳಿಯಲ್ಲಿ ಮನೆಯಲ್ಲೆಲ್ಲ ಬೆಚ್ಚಗಿದ್ದ ಜಾಗ ಅದೊಂದೇ ಆದ್ದರಿಂದ ನಾವು ಮೂವರೂ ಟ್ಯಾಂಕಿಗೆ ಬೆನ್ನು ಒರಗಿಸಿ ಕೂತು ಕಡಲೆಕಾಯಿ ತಿನ್ನುತ್ತಿದ್ದೆವು. ಸುಖವೆಂದರೆ ಅದೇ ಇರಬೇಕು.

ಹಾಗೇ ಬಿಟ್ಟಿದ್ದರೆ ಆಗಿತ್ತು. ಆದರೆ ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್ ಪ್ರತಿ ಸೋಮವಾರ ಉಗುರು, ಕರ್ಚೀಫು, ಟಿಫಿನ್ ಡಬ್ಬಿಯ ಮುಚ್ಚಳದ ಅಂಚು ಕೂಡ ಪರೀಕ್ಷಿಸುತ್ತಿದ್ದರು. ಒಂದು ಸೋಮವಾರ ಅವರ ಕಣ್ಣು ನನಗೆ ಬಂದುಬಿಟ್ಟಿತು. ಬಕೆಟ್ಟಿನ ಒಳಗೋಡೆಯಲ್ಲಿ ಬೂದು ಬಣ್ಣದ ತೆಳು ಗೆರೆ! ಛೀ! ಇದೇನಾ ಸ್ವಚ್ಛವಾದ ಪಾತ್ರೆ?

ಆಗ ಬಾಗಿಲ ಬಳಿ ಕೊಡೆಗಳನ್ನು ಹೊತ್ತು ನಿಂತಿದ್ದ ಹಂಡೆ ಕಣ್ಣಿಗೆ ಬಿತ್ತು.

ಅದು ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ತಾಮ್ರದ ಹಂಡೆ. ಮೈಸೂರಿನಿಂದ ದೆಹಲಿಯವರೆಗೆ ರೈಲಿನಲ್ಲಿ ಎರಡು ರಾತ್ರಿ ನನ್ನ ಕಾಲಬಳಿ ಕೂತು ಬಂದದ್ದು. ಇಲ್ಲಿ ಗೀಸರ್ ಇದ್ದುದರಿಂದ ಕೊಡೆ ಸ್ಟ್ಯಾಂಡ್ ಆಗಿ ಬಡ್ತಿ ಪಡೆದಿತ್ತು. ತಾಮ್ರದಲ್ಲಿಟ್ಟ ನೀರು ಎಷ್ಟು ಶ್ರೇಷ್ಠ ಎಂದು ಅಜ್ಜಿ, ಅಮ್ಮ, ಅತ್ತೆ ಮೂವರೂ ಒಮ್ಮತದಿಂದ ಹೇಳಿದ್ದಾರೆ. ಆ ಮೂವರು ಒಪ್ಪಿದ ವಿಷಯ ಬೇರೊಂದಿಲ್ಲ! ಹುಣಸೆಹಣ್ಣು, ಉಪ್ಪು ಹಾಕಿ ಒಂದು ಗಂಟೆ ತಿಕ್ಕಿದೆ. ಹಂಡೆ ಸೂರ್ಯನಂತೆ ಹೊಳೆಯಿತು.

"ಮೀನಿಗೆ ಹಂಡೆ ಸ್ನಾನಾನಾ?" ನಮ್ಮವರು ಕೇಳಿದರು. "ಬಕೆಟ್ ಚೆನ್ನಾಗಿತ್ತಲ್ಲೇ."

"ನಿಮಗೆ ಸ್ವಚ್ಛತೆ ಅಂದ್ರೇನು ಗೊತ್ತಿಲ್ಲ, ಸುಮ್ಮನಿರಿ."

ಅವರು ಸುಮ್ಮನಾದರು. ನಮ್ಮ ದಾಂಪತ್ಯದಲ್ಲಿ ಅವರು ಮಾತಾಡಬೇಕಾಗಿದ್ದ ಏಕೈಕ ಸಂದರ್ಭ ಅದು.

ಮಂಗಳವಾರ ಹಂಡೆಯ ನೀರು ಹಾಕಿದೆ. ಮೀನುಗಳು ತಿಂಡಿಗೆ ಬರಲಿಲ್ಲ. ನೀರು ಸಾಲದಾಯಿತೇನೋ ಎಂದು ಬುಧವಾರ ಬೆಳಿಗ್ಗೆ ಇನ್ನೂ ಒಂದು ಹಂಡೆ ಹಾಕಿದೆ! ಮಧ್ಯಾಹ್ನ ಶಾಲೆಯಿಂದ ಬಂದ ಮಗಳು ಅನು ಬ್ಯಾಗ್ ಕೂಡ ಇಳಿಸದೆ ಕೂಗಿದಳು.

"ಅಮ್ಮಾ! ಯೇ ತೋ ಸಬ್ ಕಾಲೇ ಹೋ ಗಯೇ!"

ನೋಡಿದೆ. ಐದೂ ದೋಸೆ ಸೀದು ಕಪ್ಪಗಾಗಿದ್ದವು. ನೀಲಿ ಗೆರೆಗಳ ಸುಳಿವಿಲ್ಲ. ರೆಕ್ಕೆ ಮಡಚಿಕೊಂಡು, ನೀರಿನ ಮೇಲ್ಭಾಗದಲ್ಲಿ ವಾಲಿಕೊಂಡು, ಬಸ್ ಹಿಂದೆ ಓಡಿಬಂದವರಂತೆ ಏದುಸಿರು ಬಿಡುತ್ತಿದ್ದವು. ಆ ಹೊತ್ತಿಗೇ ಫೋನ್ ಬಡಿದುಕೊಳ್ಳಬೇಕೆ? ಆಂಟಿ!

"ಮಕ್ಕಳು ಹೇಗಿದ್ದಾರೆ?"

"ಮೇಲೆ... ಮೇಲೆ ಬಂದು ಆಡ್ತಿದ್ದಾರೆ ಆಂಟಿ."

ಕಾನ್ವೆಂಟಿನಲ್ಲಿ ಸುಳ್ಳು ಹೇಳುವುದನ್ನು ಕಲಿಸಿರಲಿಲ್ಲ. ಸ್ವಂತ ಪ್ರತಿಭೆ! ಫೋನಿಟ್ಟವಳೇ ಮೀನಿನಂಗಡಿಯ ಭಯ್ಯಾಗೆ ಫೋನ್ ಮಾಡಿದೆ. ಅವನು ವಕೀಲನಂತೆ ಒಂದೊಂದೇ ಪ್ರಶ್ನೆ ಕೇಳಿದ. ಹೀಟರ್? ಸರಿ ಇದೆ. ತಿಂಡಿ? ಅದೇ. ನೀರು? ಅದೇ ನೀರು ಭಯ್ಯಾ, ಇನ್ನೂ ಶುದ್ಧ, ಈಗ ತಾಮ್ರದ ಪಾತ್ರೆಯಲ್ಲಿ ಇಡ್ತೀನಿ.

"ತಾಂಬಾ?" ಅವನು ಕೇಳಿದ. "ಭಾಭೀಜೀ, ತಾಂಬೇ ಮೇಂ ರಖಾ ಪಾನೀ? ಯೇ ತೋ ಮಛಲೀ ಕಾ ಜಹರ್ ಹೈ!"

ಜಹರ್! ವಿಷ! ಹುಳಿ ಹಾಕಿ ತಿಕ್ಕಿದ್ದೆ ಎಂದಾಗ ಅವನು ಹಣೆ ಚಚ್ಚಿಕೊಂಡದ್ದು ಫೋನಿನಲ್ಲೇ ಕೇಳಿಸಿತು. ಹುಳಿಯ ಅಂಶ ಉಳಿದಿದ್ದರೆ ತಾಮ್ರ ಇನ್ನಷ್ಟು ಕರಗುತ್ತದಂತೆ. ಈಗಲೇ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಪ್ಲಾಸ್ಟಿಕ್ಕಿನಲ್ಲಿ ಒಂದು ದಿನ ನಿಂತ ನೀರೇ ಬೇಕು, ಫಿಲ್ಟರಿಗೆ ಹಾಕಲು ಇದ್ದಿಲಿನ ಪುಡಿಯ ಚೀಲ ನಾನು ಕಳಿಸುತ್ತೇನೆ ಎಂದ.

ನಿಂತ ನೀರು ಎಲ್ಲಿಂದ ತರಲಿ? ನನ್ನಲ್ಲಿದ್ದದ್ದೆಲ್ಲ ಹಂಡೆಯಲ್ಲಿತ್ತು! ಮೆಟ್ಟಿಲು ಹತ್ತಿ ಮಿಸೆಸ್ ಸೇಠಿಯ ಬಾಗಿಲು ಬಡಿದೆ. ನಿನ್ನೆಯ ನೀರು ಇದೆಯೇ ಎಂದು ಕಣ್ಣೊರೆಸಿಕೊಂಡು ಕೇಳಿದೆ.

"ಕಲ್ ಕಾ?" ಅವರು ಹೆಮ್ಮೆಯಿಂದ ಹೇಳಿದರು. "ಮೇರೇ ಪಾಸ್ ತೋ ಪರಸೋಂ ಕಾ ಭೀ ಹೈ!" ನಿನ್ನೆಯದೇನು, ಮೊನ್ನೆಯದೂ ಇತ್ತಂತೆ!

ಬೆಳಿಗ್ಗೆ ಒಂದು ಗಂಟೆ ಮಾತ್ರ ನಲ್ಲಿಯಲ್ಲಿ ನೀರು ಬರುವ ಊರು ಪುಣ್ಯದ ಊರು ಎಂದು ನನಗೆ ಅನ್ನಿಸಿದ್ದು ಅಂದೇ ಮೊದಲು. ಕಟ್ಟಡದ ಪ್ರತಿ ಬಚ್ಚಲಿನಲ್ಲೂ ನಿಂತ ನೀರು! ಅರ್ಧ ಗಂಟೆಯಲ್ಲಿ ಬಕೆಟ್ಟುಗಳ ಮೆರವಣಿಗೆ ಮೆಟ್ಟಿಲಿಳಿಯಿತು. ಪ್ರತಿ ಬಕೆಟ್ಟಿನ ಜೊತೆ ಒಬ್ಬರು ಬಂದರು. ಪ್ರತಿಯೊಬ್ಬರಿಗೂ ನಾನು ಹಂಡೆಯ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಅಷ್ಟರಲ್ಲಿ ಬಂದ ನಮ್ಮವರು ಬಿಸಿನೀರು ಬೆರೆಸಿದ ಬಕೆಟ್ಟಿಗೆ ಅನುವಿನ ಜ್ವರದ ಥರ್ಮಾಮೀಟರ್ ಅದ್ದಿ ಗಂಭೀರವಾಗಿ ವರದಿ ಒಪ್ಪಿಸಿದರು.

"ಜ್ವರ ಇಲ್ಲ."

ಕೊನೆಗೆ ಅನು ಎಳೆಯ ಮಗುವಾಗಿದ್ದಾಗ ಮಾಡುತ್ತಿದ್ದಂತೆ ಮೊಣಕೈ ಅದ್ದಿ ಹದ ನೋಡಿದೆ. ನೀರು ಬದಲಾಯಿತು. ಇದ್ದಿಲು ಫಿಲ್ಟರಿಗೆ ಸೇರಿತು. ಉಸ್ಸಪ್ಪಾ ಎಂದು ಕೂತೆ. ಕರೆಂಟ್ ಹೋಯಿತು!

ಹೀಟರ್ ನಿಂತಿತು. ಹೊರಗೆ ಮಂಜು. "ಅಮ್ಮಾ, ಇವಕ್ಕೆ ಠಂಡ್ ಲಗ್ ಜಾಯೇಗೀ," ಎಂದು ಅನು ಅಳತೊಡಗಿದಳು. ನಾನು ನೇರ ಮಲಗುವ ಕೋಣೆಗೆ ಹೋಗಿ ನಮ್ಮವರ ಕೆಂಪು ರಜಾಯಿ ಎಳೆದು ತಂದು ಟ್ಯಾಂಕಿಗೆ ಹೊದಿಸಿದೆ. ಅವರ ಬಿಸಿನೀರಿನ ಚೀಲವನ್ನೂ ಗಾಜಿಗೆ ಒತ್ತಿಟ್ಟೆ. ಫಿಲ್ಟರೂ ನಿಂತದ್ದರಿಂದ ನೀರಿಗೆ ಗಾಳಿ ಸೇರಲೆಂದು ನಾನೂ ಅನುವೂ ಸರದಿಯಂತೆ ಲೋಟದಲ್ಲಿ ನೀರು ಎತ್ತಿ ಎತ್ತಿ ಸುರಿದೆವು.

"ಅದು ನನ್ನ ರಜಾಯಿ," ಮೇಣದ ಬತ್ತಿ ಹಿಡಿದಿದ್ದ ನಮ್ಮವರು ಮೆಲ್ಲಗೆ ಹೇಳಿದರು.

"ನೀವು ಕಪ್ಪಗಾಗಿದ್ದೀರಾ?"

ಅವರು ಮಂಕಿ ಕ್ಯಾಪ್ ಹಾಕಿಕೊಂಡರು.

ಕರೆಂಟ್ ಎರಡು ಗಂಟೆ ಬಿಟ್ಟು ಬಂತು. ರಜಾಯಿ ಅರ್ಧ ಒದ್ದೆ. ಬೆಳಿಗ್ಗೆ ಮೀನುಗಳು ಕಪ್ಪಿನಿಂದ ಕಂದಿಗೆ ಇಳಿದಿದ್ದವು. ಶನಿವಾರ ಒಂದರ ಮೈಮೇಲೆ ಒಂದು ನೀಲಿ ಗೆರೆ. ನಾನು ಮಿಸೆಸ್ ಸೇಠಿಯನ್ನು ಕರೆದು ಅದನ್ನು ತೋರಿಸಿದೆ. ವಾರ ಕಳೆಯುವಷ್ಟರಲ್ಲಿ ಐದೂ ತಿಂಡಿಗೆ ಬಂದವು. ಅಂದಿನಿಂದ ನೋಟ್‌ಬುಕ್ಕಿನ ಒಂದಕ್ಷರವನ್ನೂ ಮೀರಲಿಲ್ಲ. ಬೂದು ಗೆರೆಯ ಬಕೆಟ್ಟಿಗೆ ಅರಿಶಿನ ಕುಂಕುಮ ಇಡುವುದೊಂದು ಬಾಕಿ!

ಮಾರ್ಚಿನಲ್ಲಿ ಆಂಟಿ ಬಂದರು. ಕೈಯಲ್ಲಿ ಅಸ್ಸಾಮಿನ ಉಣ್ಣೆಯ ಶಾಲು. "ನನ್ನ ಮಕ್ಕಳನ್ನ ನೋಡಿಕೊಂಡವರಿಗೆ," ಎಂದರು. ನಾನು ನಾಚಿಕೆಯಿಂದ ಸೆರಗು ಸರಿಮಾಡಿಕೊಂಡು ಟ್ಯಾಂಕಿನ ಬಳಿ ಹೋದೆ. "ಎಣಿಸಿಕೊಳ್ಳಿ ಆಂಟಿ. ಐದಕ್ಕೆ ಐದು."

ನನ್ನನ್ನು ಕಂಡದ್ದೇ ಐದೂ ಮೀನು ಬೊಡ್ಡೆಯ ಹಿಂದಕ್ಕೆ ಹಾರಿದವು. ಒಂದು ಅಲ್ಲಿಂದಲೇ ಇಣುಕಿ ನೋಡಿ ಕಪ್ಪಗಾಯಿತು. ಅವುಗಳ ಪಾಲಿಗೆ ನಾನು ಪೈಪು ಹಿಡಿದು ಮನೆ ಕಲಕಲು ಬರುವ ರಾಕ್ಷಸಿ!

ಅಷ್ಟರಲ್ಲಿ ಕಂದು ಸ್ವೆಟರಿನ ನಮ್ಮವರು ಪತ್ರಿಕೆ ಹುಡುಕುತ್ತಾ ಆ ಕಡೆ ಬಂದರು. ಐದೂ ಮೀನು ಬಣ್ಣ ತುಂಬಿಕೊಂಡು ಗಾಜಿಗೆ ಬಂದು, ಸಾಲಾಗಿ ನಿಂತು, ಬಾಲ ಅಲ್ಲಾಡಿಸಿದವು.

"ಓಹೋ!" ಎಂದ ಆಂಟಿ ಶಾಲನ್ನು ಬಿಡಿಸಿ ನಮ್ಮವರ ಹೆಗಲಿಗೆ ಹೊದಿಸಿದರು. "ನೋಡಿಕೊಂಡವರು ಯಾರು ಅಂತ ಮೀನೇ ಹೇಳ್ತಾವೆ."

ಅವರು ರಜಾಯಿ ಕಳೆದುಕೊಂಡದ್ದು ನೆನಪಾಗಿ ನಾನು ಬಾಯಿ ಬಿಡಲಿಲ್ಲ. ಹಂಡೆಯ ವಿಷಯ ಆಂಟಿಗೆ ತಿಳಿಯದೆ ಹೋಯಿತಲ್ಲ, ಅಷ್ಟೇ ಸಾಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಿಸೆಸ್ ಸೇಠಿ ಒಳಗೆ ಬಂದು, ಆಂಟಿಗೆ ನಮಸ್ತೆ ಹೇಳಿ, ಕಥೆಯನ್ನು ಮೊದಲಿನಿಂದ ಶುರು ಮಾಡಿದರು.

ಆಂಟಿ ನಕ್ಕು ನಕ್ಕು ಕೂತುಬಿಟ್ಟರು. ಮೀನುಗಳನ್ನು ಕೊಂಡೊಯ್ದರು. ಮನೆ ಬಿಕೋ ಎಂದಿತು. ಬೇರೇನೂ ತೋಚದೆ ಹಂಡೆಯನ್ನು ಮುಂದಿಟ್ಟುಕೊಂಡು ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು. ಅದರಲ್ಲಿ ನನ್ನ ಮುಖ ಕಂಡಿತು.

ಸ್ವಲ್ಪ ಕಪ್ಪಗಾಗಿತ್ತು.